ಅಣುವಿಗೊಂದು ಅಚ್ಚು: ರಕ್ತದಲ್ಲಿರುವ ಔಷಧವನ್ನು ಅಳೆಯುವ ಹೊಸ ಬಗೆ

ಕಾಫಿ ಬೀಜದಲ್ಲಿ ಕೆಫೀನ್ ಎಂಬ ವಸ್ತುವಿದೆಯೆಂಬುದು ನಮ್ಮ ಬೆಳೆಗಾರ ಬಂಧುಗಳಿಗೆಲ್ಲ ತಿಳಿದ ಸಂಗತಿ. ಅರೇಬಿಕಾ ಬೀಜದಲ್ಲಿ ಅದು ನೂರಕ್ಕೆ ಸುಮಾರು 1.2 ಪಾಲಿನಷ್ಟಿದ್ದರೆ, ರೊಬಸ್ಟಾದಲ್ಲಿ ಹೆಚ್ಚುಕಡಿಮೆ ಅದರ ಇಮ್ಮಡಿಯಷ್ಟಿರುತ್ತದೆ. ಇದೇ ಕೆಫೀನು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಒಂದು ತೊಡಕನ್ನೂ ಉಂಟುಮಾಡಬಲ್ಲದು. ಆ ತೊಡಕನ್ನು ಬಿಡಿಸಬಲ್ಲ ಒಂದು ವಿದ್ಯೆ ಈಗ ಬೆಳೆದು ಬಂದಿದೆ. ಔಷಧದ ಅಣುವಿಗೆ ತಕ್ಕ ಅಚ್ಚನ್ನು ಪ್ಲಾಸ್ಟಿಕ್ಕಿನಂಥ ವಸ್ತುವಿನಲ್ಲಿ ಮೂಡಿಸಿ, ಆ ಅಚ್ಚಿಗೆ ಬಂದು ಕೂತ ಔಷಧವನ್ನು ವಿದ್ಯುತ್ತಿನಿಂದ ಎಣಿಸುವುದು ಅದರ ಸಾರಾಂಶ. ಇಂದು ಪ್ರಯೋಗಾಲಯಗಳಲ್ಲಿರುವ ಈ ವಿದ್ಯೆ ನಾಳೆ ನಮ್ಮ ಹಾಲಿನ ಸೊಸೈಟಿಗೂ ಕಾಫಿ ಗೋದಾಮಿಗೂ ಬರುವ ಸಂಭವವಿದೆ. ಆದುದರಿಂದ ಅದು ಏನು, ಅದರಿಂದ ಏನಾದೀತು, ಏನಾಗದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಕೆಫೀನಿನ ಒಡಹುಟ್ಟುಗಳು

ಜರ್ಮನಿಯ ತರುಣ ರಸಾಯನಶಾಸ್ತ್ರಜ್ಞ ಫ್ರೀಡ್‌ಲೀಬ್ ರುಂಗೆಗೆ 1819ರಲ್ಲಿ ಮಹಾಕವಿ ಗಯಟೆ ಸ್ವಲ್ಪ ಕಾಫಿ ಬೀಜವನ್ನು ಕೊಟ್ಟು, ಇದರಲ್ಲೇನಿದೆ ನೋಡು ಎಂದು ಹುರಿದುಂಬಿಸಿದನಂತೆ. ರುಂಗೆ ಆ ಬೀಜದಿಂದ ಕೆಫೀನನ್ನು ಬೇರ್ಪಡಿಸಿದ. ಮುಂದೆ 1888ರಲ್ಲಿ ಅದೇ ದೇಶದ ಆಲ್ಬ್ರೆಖ್ಟ್ ಕೊಸೆಲ್ ಚಹದ ಎಲೆಯಿಂದ ಥಿಯೋಫಿಲಿನ್ ಎಂಬ ಮತ್ತೊಂದು ವಸ್ತುವನ್ನು ಬೇರ್ಪಡಿಸಿದ. ನಮ್ಮ ಅಡಿಕೆ ತೋಟಗಳಲ್ಲಿ ಮಿಶ್ರಬೆಳೆಯಾಗಿ ಬೆಳೆಯುವ ಕೋಕೋ ಬೀಜದಲ್ಲಿ ಹೆಚ್ಚಾಗಿರುವುದು ಥಿಯೋಬ್ರೊಮಿನ್ ಎಂಬ ಮೂರನೆಯದು.

ಕಾಫಿ, ಚಹ, ಕೋಕೋ ಬೇರೆ ಬೇರೆ ಗಿಡಗಳಾದರೂ ಈ ಮೂರು ವಸ್ತುಗಳು ಒಂದೇ ಮನೆಯ ಮಕ್ಕಳಿದ್ದಂತೆ. ಮೂರರ ಅಣುವಿನ ಎಲುಬುಗೂಡೂ ಒಂದೇ. ಒಂದಕ್ಕೊಂದು ಅಂಟಿಕೊಂಡ ಎರಡು ಉಂಗುರಗಳು. ಆ ಉಂಗುರಗಳ ಅಂಚಿಗೆ ಮೀಥೈಲ್ ಎಂಬ ಪುಟ್ಟ ಗುಂಪುಗಳು ತಗುಲಿಕೊಂಡಿರುತ್ತವೆ. ಒಂದು ಇಂಗಾಲದ ಪರಮಾಣು, ಮೂರು ಜಲಜನಕದ ಪರಮಾಣು ಸೇರಿ ಒಂದು ಮೀಥೈಲ್ ಗುಂಪು. ಕೆಫೀನಿನಲ್ಲಿ ಇಂಥವು ಮೂರಿವೆ, ಥಿಯೋಫಿಲಿನ್ನಿನಲ್ಲಿ ಎರಡು, ಥಿಯೋಬ್ರೊಮಿನ್ನಿನಲ್ಲೂ ಎರಡೇ, ಆದರೆ ಒಂದರ ಜಾಗ ಬೇರೆ. ಇಷ್ಟೇ ವ್ಯತ್ಯಾಸ. ಕೆಫೀನಿನ ಅಣುತೂಕ 194, ಥಿಯೋಫಿಲಿನ್ನಿನದು 180. ಗಾತ್ರದ ಮೇಲೆ ಬೇರ್ಪಡಿಸಲು ಹೊರಟರೆ, ಒಂದೇ ದರ್ಜೆಯ ಎರಡು ಬೀಜಗಳನ್ನು ಜರಡಿಯಲ್ಲಿ ಬೇರ್ಪಡಿಸಲು ಹೊರಟಂತೆಯೇ ಸರಿ.

ಅಳತೆ ತಪ್ಪಿದರೆ ಏನಾಗುತ್ತದೆ?

ಥಿಯೋಫಿಲಿನ್ ಉಬ್ಬಸದ ಔಷಧ. ಶ್ವಾಸನಾಳದ ಸುತ್ತಲಿನ ಬಿಗಿದ ಸ್ನಾಯುಗಳನ್ನು ಅದು ಸಡಿಲಿಸುತ್ತದೆ. ಈಗ ಉಬ್ಬಸಕ್ಕೆ ಮೊದಲು ಬಳಸುವುದು ಬಾಯಿಂದ ಸೆಳೆದುಕೊಳ್ಳುವ ಔಷಧಗಳನ್ನೇ ಆದರೂ, ಕಡಿಮೆ ಬೆಲೆಯ ಥಿಯೋಫಿಲಿನ್ ಮಾತ್ರೆ ಪೂರ್ತಿ ಮರೆಯಾಗಿಲ್ಲ.

ಈ ಔಷಧದ ಗುಣಕ್ಕೂ ದೋಷಕ್ಕೂ ನಡುವಿನ ಅಂತರ ಬಹಳ ಕಿರಿದು. ಒಂದು ಲೀಟರ್ ರಕ್ತದ ದ್ರವಭಾಗದಲ್ಲಿ 10ರಿಂದ 20 ಮಿಲಿಗ್ರಾಂ ಇರುವಂತೆ ಕೊಡುವುದು ಬಹುಕಾಲ ನಡೆದುಬಂದ ಪದ್ಧತಿ. ಈಗ ಅನೇಕ ವೈದ್ಯರು ಇನ್ನೂ ಕಡಿಮೆಯಲ್ಲಿಯೇ ನಿಲ್ಲಿಸಲು ನೋಡುತ್ತಾರೆ. ಅದು ತೀರ ಕಡಿಮೆಯಾದರೆ ಉಬ್ಬಸ ಇಳಿಯುವುದಿಲ್ಲ. 20 ದಾಟಿದರೆ ವಾಂತಿ, ಎದೆಬಡಿತ. ಇನ್ನೂ ಏರಿದರೆ ಅಪಸ್ಮಾರದಂಥ ಸೆಳೆತ, ಹೃದಯದ ಲಯ ತಪ್ಪುವುದು, ಕಡೆಗೆ ಪ್ರಾಣಾಪಾಯ. ಮೇಲಾಗಿ ಒಂದೇ ಮಾತ್ರೆ ಎಲ್ಲರ ಮೈಯಲ್ಲೂ ಒಂದೇ ಪ್ರಮಾಣದಲ್ಲಿ ಉಳಿಯುವುದಿಲ್ಲ. ಬೀಡಿ ಸಿಗರೇಟು ಸೇದುವವರ ದೇಹ ಅದನ್ನು ಬೇಗ ಹೊರಹಾಕುತ್ತದೆ. ಸಿಪ್ರೊಫ್ಲಾಕ್ಸಸಿನ್, ಎರಿತ್ರೊಮೈಸಿನ್ ಮುಂತಾದ ಜೀವಿರೋಧಕಗಳನ್ನು ಜೊತೆಯಲ್ಲಿ ತೆಗೆದುಕೊಂಡರೆ ಅದು ಮೈಯಲ್ಲಿ ನಿಧಾನವಾಗಿ ಕರಗುತ್ತ ಪ್ರಮಾಣ ಏರಿಬಿಡುತ್ತದೆ. ಆದಕಾರಣ ಮಾತ್ರೆಯ ತೂಕ ನೋಡಿದರೆ ಸಾಲದು, ರಕ್ತವನ್ನೇ ನೋಡಬೇಕಾಗುತ್ತದೆ.

ಇಲ್ಲಿಯೇ ನಮ್ಮ ಕಾಫಿ ಅಡ್ಡ ಬರುವುದು. ಒಂದು ಲೋಟ ಕಾಫಿಯಲ್ಲಿ 80ರಿಂದ 100 ಮಿಲಿಗ್ರಾಂ ಕೆಫೀನ್ ಇದ್ದರೆ, ಅದನ್ನು ಕುಡಿದ ಮೇಲೆ ಲೀಟರ್ ರಕ್ತಕ್ಕೆ ಸುಮಾರು 2 ಮಿಲಿಗ್ರಾಂ ಕೆಫೀನ್ ಸೇರುತ್ತದೆ. ದಿನಕ್ಕೆ ನಾಲ್ಕಾರು ಲೋಟ ಕುಡಿಯುವವರಲ್ಲಿ ಇದು ಇನ್ನೂ ಹೆಚ್ಚು. ಒಂದು ಲೆಕ್ಕ ಹಾಕಿ ನೋಡೋಣ. ರೋಗಿಯ ರಕ್ತದಲ್ಲಿ ಥಿಯೋಫಿಲಿನ್ 17 ಮಿಲಿಗ್ರಾಂ, ಕೆಫೀನ್ 5 ಮಿಲಿಗ್ರಾಂ ಇದೆಯೆನ್ನಿ. ಪರೀಕ್ಷೆಯ ಉಪಕರಣ ಇವೆರಡನ್ನೂ ಒಂದೇ ಎಂದು ಎಣಿಸಿದರೆ 22 ಎಂದು ತೋರಿಸುತ್ತದೆ. ವೈದ್ಯರು ಹೆದರಿ ಮಾತ್ರೆ ನಿಲ್ಲಿಸಿದರೆ ರಾತ್ರಿ ರೋಗಿಗೆ ಉಸಿರು ಕಟ್ಟುತ್ತದೆ. ತಪ್ಪು ರೋಗಿಯದೂ ಅಲ್ಲ, ವೈದ್ಯರದೂ ಅಲ್ಲ, ಅಳತೆಯದು.

ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ವಿಷಯದಲ್ಲಿ ಇದು ಇನ್ನಷ್ಟು ಸೂಕ್ಷ್ಮ. ಅಂಥ ಕೂಸುಗಳು ಆಗಾಗ ಉಸಿರಾಡುವುದನ್ನೇ ಮರೆತುಬಿಡುತ್ತವೆ. ಅದಕ್ಕೆ ಕೊಡುವ ಔಷಧ ಕೆಫೀನೇ ಎಂದರೆ ಕೆಲವರಿಗೆ ಅಚ್ಚರಿಯಾದೀತು. ಎರಡು ಸಾವಿರದಷ್ಟು ಕೂಸುಗಳ ಮೇಲೆ ಹಲವು ದೇಶಗಳಲ್ಲಿ ನಡೆದ ಅಧ್ಯಯನದ ಫಲ 2006 ಮತ್ತು 2007ರಲ್ಲಿ ಪ್ರಕಟವಾಗಿ, ಕೆಫೀನ್ ಪಡೆದ ಕೂಸುಗಳಲ್ಲಿ ಶ್ವಾಸಕೋಶದ ತೊಂದರೆಯೂ ಮುಂದೆ ಮಿದುಳಿಗೆ ಸಂಬಂಧಿಸಿದ ಅಂಗವೈಕಲ್ಯವೂ ಕಡಿಮೆಯೆಂದು ಕಂಡುಬಂದಿತು. ಹಿಂದೆ ಇದೇ ಕೆಲಸಕ್ಕೆ ಥಿಯೋಫಿಲಿನ್ ಕೊಡುತ್ತಿದ್ದರು. ಎಳೆಗೂಸಿನ ದೇಹ ಥಿಯೋಫಿಲಿನ್ನಿನ ಒಂದು ಭಾಗವನ್ನು ತಾನೇ ಕೆಫೀನಾಗಿ ಮಾರ್ಪಡಿಸುತ್ತದೆ. ಹೀಗೆ ಒಂದೇ ತೊಟ್ಟು ರಕ್ತದಲ್ಲಿ ಎರಡೂ ಇರುವಾಗ ಯಾವುದು ಎಷ್ಟೆಂದು ತಿಳಿಯದೆ ಮುಂದಿನ ಪ್ರಮಾಣವನ್ನು ನಿರ್ಧರಿಸುವುದು ಕಷ್ಟ.

ಬೀಗವೂ ಕೀಲಿಕೈಯೂ

ಒಂದು ಅಣುವನ್ನು ಇನ್ನೊಂದರಿಂದ ಗುರುತಿಸುವ ಕೆಲಸವನ್ನು ಪ್ರಕೃತಿ ಬಹಳ ಹಿಂದಿನಿಂದ ಮಾಡಿಕೊಂಡು ಬಂದಿದೆ. ಜೀರ್ಣರಸದ ಕಿಣ್ವಕ್ಕೂ ಅದು ಕರಗಿಸುವ ವಸ್ತುವಿಗೂ ಬೀಗ ಮತ್ತು ಕೀಲಿಕೈಗಳ ಸಂಬಂಧವೆಂದು ಎಮಿಲ್ ಫಿಷರ್ 1894ರಲ್ಲಿ ಹೇಳಿದ. ರೋಗಾಣು ಹೊಕ್ಕಾಗ ದೇಹದಲ್ಲಿ ಹುಟ್ಟುವ ಪ್ರತಿಕಾಯಗಳೂ ಹೀಗೆಯೇ. ತಮ್ಮ ಗುರಿಯನ್ನಷ್ಟೆ ಹಿಡಿಯುತ್ತವೆ. ಔಷಧವನ್ನು ಅಳೆಯಲು ಆಸ್ಪತ್ರೆಗಳಲ್ಲಿ ಇಂದಿಗೂ ಹೆಚ್ಚಾಗಿ ಬಳಸುವುದು ಇಂಥ ಪ್ರತಿಕಾಯಗಳನ್ನೇ.

ಆದರೆ ಪ್ರತಿಕಾಯ ಸಿದ್ಧಪಡಿಸುವುದು ಸುಲಭದ ಮಾತಲ್ಲ. ಪ್ರಾಣಿಗೆ ಚುಚ್ಚುಮದ್ದು ಕೊಟ್ಟೋ ಜೀವಕೋಶಗಳನ್ನು ಸಾಕಿಯೋ ಪಡೆಯಬೇಕು. ಇದಕ್ಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಕಾಲ ಹಿಡಿಯುತ್ತದೆ. ಸಿದ್ಧವಾದ ಮೇಲೂ ತಂಪಿನಲ್ಲಿಡಬೇಕು. ಬಿಸಿ, ಆಮ್ಲ, ಸಾವಯವ ದ್ರಾವಕಗಳನ್ನು ಅದು ತಾಳದು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ನಮ್ಮಂಥ ಕಡೆ ತಂಪಿನಲ್ಲಿಡುವ ವಸ್ತುವಿನ ಪಾಡೇನೆಂದು ಹೇಳಬೇಕಾಗಿಲ್ಲ.

ಹಾಗಾದರೆ ಕಲ್ಲಿನಂತೆ ಗಟ್ಟಿಯಾದ, ಕೆಡದ ವಸ್ತುವಿನಲ್ಲೇ ಬೀಗವನ್ನು ಮಾಡಬಾರದೇಕೆ? ಅಮೆರಿಕದ ಲೈನಸ್ ಪೌಲಿಂಗ್, ಪ್ರತಿಕಾಯಗಳು ಗುರಿವಸ್ತುವಿನ ಮೇಲೆಯೇ ಅಚ್ಚುಹಾಕಿದಂತೆ ಮಡಿಚಿಕೊಳ್ಳುತ್ತವೆಂದು 1940ರಲ್ಲಿ ಊಹಿಸಿದ್ದ. ಜೀವಿಗಳ ಮಟ್ಟಿಗೆ ಆ ಊಹೆ ಮುಂದೆ ತಪ್ಪೆಂದು ತಿಳಿಯಿತು. ಆದರೆ ಅದರಿಂದ ಪ್ರೇರಿತನಾದ ಅವನ ಶಿಷ್ಯ ಫ್ರಾಂಕ್ ಡಿಕಿ, 1949ರಲ್ಲಿ ಮೀಥೈಲ್ ಆರೆಂಜ್ ಎಂಬ ಬಣ್ಣದ ಸಮ್ಮುಖದಲ್ಲಿ ಸಿಲಿಕಾ ಲೋಳೆಯನ್ನು ಗಟ್ಟಿಮಾಡಿ, ಬಣ್ಣವನ್ನು ತೊಳೆದು ತೆಗೆದ. ಒಣಗಿದ ಸಿಲಿಕಾ ಮತ್ತೆ ಅದೇ ಬಣ್ಣವನ್ನು ಅದರ ಹತ್ತಿರದ ಬಣ್ಣಗಳಿಗಿಂತ ಹೆಚ್ಚಾಗಿ ಹೀರಿಕೊಂಡಿತು. ತಪ್ಪು ಊಹೆಯಿಂದ ಸರಿಯಾದ ಪ್ರಯೋಗವೊಂದು ಹುಟ್ಟಿದ್ದಕ್ಕೆ ಇದೊಂದು ನಿದರ್ಶನ.

ಪಾಲಿಮರ್‌ನಲ್ಲಿ ಈ ಕೆಲಸವನ್ನು ಮೊದಲು ಸಾಧಿಸಿದವ ಜರ್ಮನಿಯ ಗುಂಟರ್ ವುಲ್ಫ್, 1972ರಲ್ಲಿ. ಅವನ ಕ್ರಮದಲ್ಲಿ ಗುರಿಯ ಅಣುವನ್ನು ಪಾಲಿಮರ್‌ನ ಮೂಲ ಅಣುಗಳಿಗೆ ಗಟ್ಟಿ ಬಂಧದಿಂದ ಕಟ್ಟಬೇಕಾಗಿತ್ತು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದ ಕ್ಲಾಸ್ ಮೊಸ್‌ಬಾಖ್ ಮತ್ತು ಸಂಗಡಿಗರು 1981ರಿಂದೀಚೆಗೆ ಬಿಗಿ ಬಂಧದ ಬದಲು ಸಡಿಲ ಬಂಧಗಳೇ ಸಾಕೆಂದು ತೋರಿಸಿದರು. ಇದರಿಂದ ಕೆಲಸ ಸುಲಭವಾಯಿತು.

ಅಚ್ಚು ತಯಾರಿಸುವ ಕ್ರಮ

ಹಸಿ ಜೇಡಿಮಣ್ಣಿನ ಉಂಡೆಯಲ್ಲಿ ಒಂದು ಅಡಿಕೆಯನ್ನು ಹುದುಗಿಸಿ, ಮಣ್ಣು ಗಟ್ಟಿಯಾದ ಮೇಲೆ ಅಡಿಕೆಯನ್ನು ಹೊರತೆಗೆದರೆ ಅದೇ ಆಕಾರದ ಗುಳಿ ಉಳಿಯುತ್ತದೆ. ಆ ಗುಳಿಗೆ ಅಂಥದೇ ಅಡಿಕೆ ಸರಿಯಾಗಿ ಕೂರುತ್ತದೆ. ಕಾಫಿ ಬೀಜ ಹಾಕಿದರೆ ಅಲುಗಾಡುತ್ತದೆ. ಅಣುವಿನ ಅಚ್ಚು ಇದೇ ರೀತಿ. ಆದರೆ ಅಣುವಿನ ಗುಳಿಯಲ್ಲಿ ಆಕಾರದ ಜೊತೆಗೆ ಇನ್ನೊಂದು ವಿಶೇಷವಿದೆ. ಗುಳಿಯ ಗೋಡೆಯಲ್ಲಿ ಅಲ್ಲಲ್ಲಿ ಹಿಡಿಕೆಗಳಿರುತ್ತವೆ.

ಥಿಯೋಫಿಲಿನ್ನಿನ ಅಚ್ಚನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸೂಕ್ತ ದ್ರಾವಕದಲ್ಲಿ ಥಿಯೋಫಿಲಿನ್ನನ್ನು ಕರಗಿಸಿ ಅದಕ್ಕೆ ಮೆಥಾಕ್ರಿಲಿಕ್ ಆಮ್ಲವನ್ನು ಸೇರಿಸುತ್ತಾರೆ. ಈ ಆಮ್ಲದ ಅಣುಗಳು ಥಿಯೋಫಿಲಿನ್ನಿನ ಸುತ್ತ ಬಂದು ಜಲಜನಕ ಬಂಧವೆಂಬ ಸಡಿಲ ಹಿಡಿತದಿಂದ ನಿಲ್ಲುತ್ತವೆ. ಅನಂತರ ಅಡ್ಡಕೊಂಡಿ ಹಾಕುವ ಮತ್ತೊಂದು ವಸ್ತುವನ್ನು ಹೇರಳವಾಗಿ ಸೇರಿಸಿ, ಕಾಯಿಸಿ ಅಥವಾ ಅತಿನೇರಳೆ ಬೆಳಕಿಗೆ ಒಡ್ಡುತ್ತಾರೆ. ಬಿದಿರಿನ ತಟ್ಟಿಯಲ್ಲಿ ಉದ್ದ ಸೀಳುಗಳಿಗೆ ಅಡ್ಡ ಸೀಳು ಹೆಣೆದಾಗ ಅದು ಹೇಗೆ ಆಕಾರ ಬಿಡದೆ ನಿಲ್ಲುವುದೋ, ಹಾಗೆ ಅಡ್ಡಕೊಂಡಿಗಳಿಂದ ಪಾಲಿಮರ್ ಬಿಗಿಯಾಗುತ್ತದೆ. ಕಡೆಗೆ ಮೆಥನಾಲ್ ಮತ್ತು ಅಸಿಟಿಕ್ ಆಮ್ಲದ ಮಿಶ್ರಣದಿಂದ ಮತ್ತೆ ಮತ್ತೆ ತೊಳೆದು ಥಿಯೋಫಿಲಿನ್ನನ್ನು ಹೊರತೆಗೆಯುತ್ತಾರೆ. ಉಳಿಯುವುದು ಗುಳಿ, ಗುಳಿಯ ಗೋಡೆಯಲ್ಲಿ ತಮ್ಮ ತಮ್ಮ ಜಾಗದಲ್ಲಿಯೇ ನಿಂತ ಆಮ್ಲದ ಹಿಡಿಕೆಗಳು.

ಈಗ ಇಲ್ಲಿಗೆ ಕೆಫೀನ್ ಬಂದರೆ ಏನಾಗುತ್ತದೆ? ಥಿಯೋಫಿಲಿನ್ನಿನ ಉಂಗುರದ ಒಂದು ಮೂಲೆಯಲ್ಲಿ ಸಾರಜನಕಕ್ಕೆ ಒಂದು ಜಲಜನಕ ಅಂಟಿದೆ. ಗುಳಿಯ ಹಿಡಿಕೆ ಹಿಡಿಯುವುದು ಅದನ್ನು. ಕೆಫೀನಿನಲ್ಲಿ ಅದೇ ಮೂಲೆಯಲ್ಲಿ ಮೂರನೆಯ ಮೀಥೈಲ್ ಗುಂಪು ಕುಳಿತಿದೆ. ಹೀಗಾಗಿ ಹಿಡಿಯಲು ಜಲಜನಕವೂ ಇಲ್ಲ, ಒಳಗೆ ಸರಿಯಲು ಎಡೆಯೂ ಇಲ್ಲ. ಕೆಫೀನು ಬಾಗಿಲ ತನಕ ಬಂದು ಹಿಂದಿರುಗುತ್ತದೆ.

ಇದು ಬರಿಯ ತರ್ಕವಲ್ಲ. ಮೊಸ್‌ಬಾಖ್ ಮತ್ತು ಸಂಗಡಿಗರು 1993ರಲ್ಲಿ ಥಿಯೋಫಿಲಿನ್ ಮತ್ತು ಡಯಜೆಪಾಮ್ ಎಂಬ ಎರಡು ಔಷಧಗಳಿಗೆ ಅಚ್ಚು ತಯಾರಿಸಿ, ರೋಗಿಗಳ ರಕ್ತದ ದ್ರವಭಾಗದಿಂದ ಔಷಧವನ್ನು ಅಳೆದು ತೋರಿಸಿದರು. ಕೆಫೀನಿನೊಂದಿಗೆ ಅಚ್ಚು ಗೊಂದಲಪಟ್ಟದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ಅಂದರೆ ನಮ್ಮ ಹಿಂದಿನ ಲೆಕ್ಕದ ರೋಗಿಗೆ 22ರ ಬದಲು 17ಕ್ಕೆ ತೀರ ಹತ್ತಿರದ ಉತ್ತರವೇ ಬರುತ್ತಿತ್ತು. ಪ್ರತಿಕಾಯಗಳಿಂದ ಬಂದ ಉತ್ತರಕ್ಕೂ ಅಚ್ಚಿನಿಂದ ಬಂದ ಉತ್ತರಕ್ಕೂ ಹೊಂದಿಕೆಯಿತ್ತು. ಜೀವಿಯ ಸಹಾಯವಿಲ್ಲದೆ ತಯಾರಾದ ವಸ್ತು ಜೀವಿಯ ಪ್ರತಿಕಾಯಕ್ಕೆ ಸರಿದೊರೆಯಾಗಿ ನಿಂತ ಈ ಪ್ರಯೋಗ ಅನೇಕರ ಗಮನ ಸೆಳೆಯಿತು.

ವಿದ್ಯುತ್ತಿನ ಕೆಲಸ

ಅಚ್ಚು ಔಷಧವನ್ನು ಹಿಡಿಯಿತು ಸರಿ. ಎಷ್ಟು ಹಿಡಿಯಿತೆಂದು ತಿಳಿಯುವುದು ಹೇಗೆ? 1993ರ ಪ್ರಯೋಗದಲ್ಲಿ ವಿಕಿರಣ ಸೂಸುವ ಗುರುತು ಹಾಕಿದ ಔಷಧವನ್ನು ಬಳಸಿದ್ದರು. ಅದು ಹಳ್ಳಿಯ ಆಸ್ಪತ್ರೆಗೆ ಹೇಳಿಸಿದ್ದಲ್ಲ. ಇದಕ್ಕೆ ಅಗ್ಗದ ದಾರಿಯೆಂದರೆ ವಿದ್ಯುತ್ತು.

ಸಕ್ಕರೆ ಕಾಯಿಲೆಯವರು ಮನೆಯಲ್ಲಿ ಬಳಸುವ ಪುಟ್ಟ ಯಂತ್ರವನ್ನು ಬಹುಪಾಲು ಬಂಧುಗಳು ನೋಡಿರಬಹುದು. ಬೆರಳಿನ ಒಂದು ಹನಿ ರಕ್ತವನ್ನು ಪಟ್ಟಿಗೆ ತಾಗಿಸಿದರೆ ಕೆಲವು ಸೆಕೆಂಡುಗಳಲ್ಲಿ ಅಂಕಿ ಮೂಡುತ್ತದೆ. ವಿದ್ಯುತ್ತಿನಿಂದ ಅಳೆಯುವ ಮನೆಬಳಕೆಯ ಯಂತ್ರ ಮೊದಲು ಪೇಟೆಗೆ ಬಂದದ್ದು 1987ರಲ್ಲಿ. ಪಟ್ಟಿಯ ಮೇಲಿರುವ ಕಿಣ್ವ ಗ್ಲೂಕೋಸನ್ನಷ್ಟೆ ಗುರುತಿಸಿ ಅದರಿಂದ ಎಲೆಕ್ಟ್ರಾನುಗಳನ್ನು ತೆಗೆಯುತ್ತದೆ. ಆ ಎಲೆಕ್ಟ್ರಾನುಗಳು ಇಂಗಾಲದ ವಿದ್ಯುದಗ್ರವನ್ನು ಸೇರಿ ವಿದ್ಯುತ್ ಪ್ರವಾಹವಾಗುತ್ತವೆ. ಗ್ಲೂಕೋಸ್ ಹೆಚ್ಚಿದ್ದಷ್ಟೂ ಪ್ರವಾಹ ಹೆಚ್ಚು. ಗ್ಲೂಕೋಸಿಗೆ ಇಂಥ ಗಟ್ಟಿಮುಟ್ಟಾದ ಕಿಣ್ವ ದೊರಕಿದ್ದು ಅದೃಷ್ಟ. ಬಹುಪಾಲು ಔಷಧಗಳಿಗೆ ಅಂಥ ಅನುಕೂಲವಿಲ್ಲ. ಕಿಣ್ವವಿಲ್ಲದ ಕಡೆ ಆ ಜಾಗದಲ್ಲಿ ಅಣುವಿನ ಅಚ್ಚನ್ನು ಕೂರಿಸುವುದೇ ಈ ಹೊಸ ಸಂವೇದಕಗಳ ತಂತ್ರ.

ಅಚ್ಚನ್ನು ವಿದ್ಯುದಗ್ರದ ಮೇಲೆಯೇ ಬೆಳೆಸುವ ಸೊಗಸಾದ ಕ್ರಮವೊಂದಿದೆ. ಪಿರೋಲ್ ಅಥವಾ ಆರ್ಥೊ ಫಿನಿಲೀನ್ ಡೈಅಮೀನ್ ಎಂಬ ವಸ್ತುವನ್ನೂ ಔಷಧವನ್ನೂ ಕರಗಿಸಿದ ದ್ರಾವಣದಲ್ಲಿ ಇಂಗಾಲದ ವಿದ್ಯುದಗ್ರವನ್ನು ಅದ್ದಿ, ವೋಲ್ಟೇಜನ್ನು ಏರಿಸಿ ಇಳಿಸುತ್ತಾರೆ. ಪ್ರತಿ ಏರಿಳಿತಕ್ಕೂ ವಿದ್ಯುದಗ್ರದ ಮೇಲೆ ಪಾಲಿಮರ್‌ನ ತೆಳುಪೊರೆ ಕೂಡುತ್ತ ಹೋಗುತ್ತದೆ. ಔಷಧದ ಅಣುಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಎಷ್ಟು ಸಲ ಏರಿಳಿಸಬೇಕೆಂಬುದರಿಂದ ಪೊರೆಯ ದಪ್ಪವನ್ನು ಹತೋಟಿಯಲ್ಲಿಡಬಹುದು. ಕಾಗದದ ಹಾಳೆಯ ಸಾವಿರದಲ್ಲೊಂದು ಪಾಲಿನಷ್ಟೇ ತೆಳುವಾದ ಪೊರೆಯನ್ನೂ ಹೀಗೆ ಪಡೆಯಬಹುದು. ಆಮೇಲೆ ತೊಳೆದು ಔಷಧವನ್ನು ತೆಗೆದರೆ ಪಟ್ಟಿ ಸಿದ್ಧ.

ಅಳತೆ ಎರಡು ಬಗೆ. ಮೊದಲನೆಯದು ನೇರ ಎಣಿಕೆ. ಔಷಧದ ಅಣುವಿನಿಂದ ಎಲೆಕ್ಟ್ರಾನನ್ನು ಕೀಳಲು ಒಂದು ನಿರ್ದಿಷ್ಟ ವೋಲ್ಟೇಜು ಬೇಕು. ಪ್ಯಾರಸಿಟಮಾಲ್‌ನಂಥದಕ್ಕೆ ಕಡಿಮೆ ಸಾಕು. ಥಿಯೋಫಿಲಿನ್, ಕೆಫೀನುಗಳಿಗೆ ಒಂದು ವೋಲ್ಟಿಗಿಂತ ಮೇಲೆ ಹೋಗಬೇಕು. ಅಚ್ಚಿನಲ್ಲಿ ಕೂತ ಅಣುಗಳಷ್ಟೂ ಎಲೆಕ್ಟ್ರಾನು ಬಿಟ್ಟುಕೊಟ್ಟಾಗ ಹರಿಯುವ ಪ್ರವಾಹವೇ ಲೆಕ್ಕ. ಅಚ್ಚಿಲ್ಲದ ಬರಿಯ ಇಂಗಾಲದ ಮೇಲೂ ಈ ಪ್ರವಾಹ ಸಿಗುತ್ತದೆ. ಆದರೆ ಆಗ ಹತ್ತಿರದ ವೋಲ್ಟೇಜಿನ ಅಣುಗಳ ಪ್ರವಾಹಗಳು ಒಂದರ ಮೇಲೊಂದು ಬಿದ್ದು ಬೆರೆತುಹೋಗುತ್ತವೆ. ಅಚ್ಚು ಒಳಗೆ ಬಿಡುವ ಮೊದಲೇ ಆರಿಸುತ್ತದೆ, ವಿದ್ಯುತ್ತು ಎಣಿಸುತ್ತದೆ. ಎರಡು ಕಡೆ ಪರೀಕ್ಷೆಯಾದಂತಾಯಿತು.

ಎರಡನೆಯದು ಕೆರೆಯ ತೂಬಿನ ಬಗೆ. ಎಲೆಕ್ಟ್ರಾನನ್ನು ಸುಲಭವಾಗಿ ಬಿಡದ ಔಷಧಗಳಿಗೆ ಇದು ಅನುಕೂಲ. ದ್ರಾವಣದಲ್ಲಿ ಫೆರೊಸಯನೈಡ್ ಎಂಬ, ಸುಲಭವಾಗಿ ಎಲೆಕ್ಟ್ರಾನು ಕೊಡುವ ಲವಣವನ್ನು ಸೇರಿಸಿರುತ್ತಾರೆ. ಅದು ಪೊರೆಯ ರಂಧ್ರಗಳ ಮೂಲಕ ನುಸುಳಿ ವಿದ್ಯುದಗ್ರವನ್ನು ಮುಟ್ಟಬೇಕು. ಔಷಧದ ಅಣುಗಳು ಗುಳಿಗಳಲ್ಲಿ ಕೂತಾಗ ಈ ದಾರಿ ಬದಲಾಗುತ್ತದೆ, ಪ್ರವಾಹವೂ ಬದಲಾಗುತ್ತದೆ. ಈ ಬದಲಾವಣೆಯಿಂದ ಔಷಧದ ಪ್ರಮಾಣವನ್ನು ಊಹಿಸಬಹುದು. ಜಪಾನಿನ ಯೋಶಿಮಿ ಮತ್ತು ಸಂಗಡಿಗರು 2001ರಲ್ಲಿ ಥಿಯೋಫಿಲಿನ್ನಿನ ಅಚ್ಚಿನಿಂದಲೇ ಇದನ್ನು ತೋರಿಸಿದರು.

ಇನ್ನೂ ಉಳಿದಿರುವ ತೊಡಕುಗಳು

ಇಷ್ಟೆಲ್ಲ ಇದ್ದ ಮೇಲೂ ಔಷಧದ ಅಂಗಡಿಯಲ್ಲಿ ಇಂಥ ಪಟ್ಟಿಗಳು ಸಾಲಾಗಿ ಏಕೆ ಕಾಣುತ್ತಿಲ್ಲ ಎಂದು ಕೇಳುವುದು ನ್ಯಾಯವೇ. ಪ್ರಯೋಗಾಲಯಗಳಿಂದ ಸಾವಿರಾರು ವರದಿಗಳು ಬಂದಿದ್ದರೂ ಪೇಟೆಗೆ ಬಂದವು ವಿರಳ. ಕಾರಣಗಳನ್ನು ಅರಿತಿರುವುದು ಒಳಿತು.

ಮೊದಲನೆಯದಾಗಿ, ಅಚ್ಚು ತಯಾರಿಸುವಾಗ ಹಾಕಿದ ಔಷಧವನ್ನು ಪೂರ್ತಿ ತೊಳೆದು ತೆಗೆಯುವುದು ಕಷ್ಟ. ಒಳಗೆ ಉಳಿದ ಅಣುಗಳು ಪರೀಕ್ಷೆಯ ಹೊತ್ತಿಗೆ ಒಸರಿದರೆ, ಔಷಧವೇ ಇಲ್ಲದ ರಕ್ತದಲ್ಲೂ ಔಷಧವಿದೆಯೆಂದು ಯಂತ್ರ ಹೇಳುತ್ತದೆ. ಇದನ್ನು ತಪ್ಪಿಸಲು ಕೆಲವರು ಗುರಿಯ ಔಷಧದ ಬದಲು ಅದರ ಹತ್ತಿರದ ನೆಂಟ ವಸ್ತುವಿನಿಂದ ಅಚ್ಚು ತೆಗೆಯುತ್ತಾರೆ.

ಎರಡನೆಯದಾಗಿ, ಎಲ್ಲ ಗುಳಿಗಳೂ ಒಂದೇ ಸಮನಾಗಿರುವುದಿಲ್ಲ. ಕೆಲವು ಸೊಗಸಾಗಿ ಮೂಡಿರುತ್ತವೆ, ಕೆಲವು ವಿಕಾರವಾಗಿರುತ್ತವೆ. ಇಂದಿನ ಪಟ್ಟಿಗೂ ನಾಳೆಯ ಪಟ್ಟಿಗೂ ಉತ್ತರ ಬೇರೆಯಾದರೆ ವೈದ್ಯರು ಯಾವುದನ್ನು ನಂಬಬೇಕು?

ಮೂರನೆಯದಾಗಿ, ಜಲಜನಕ ಬಂಧಗಳು ನೀರಿನಲ್ಲಿ ಸಡಿಲಗೊಳ್ಳುತ್ತವೆ. ನೀರೇ ಹಿಡಿಕೆಗಳನ್ನು ಆಕ್ರಮಿಸುತ್ತದೆ. 1993ರ ಪ್ರಯೋಗದಲ್ಲೂ ರಕ್ತದಿಂದ ಔಷಧವನ್ನು ಮೊದಲು ಸಾವಯವ ದ್ರಾವಕಕ್ಕೆ ಇಳಿಸಿಕೊಂಡೇ ಅಳೆದದ್ದು. ರಕ್ತದಲ್ಲಿಯೇ ನೇರವಾಗಿ ಅಳೆಯಹೊರಟರೆ ಅದರ ಪ್ರೋಟೀನುಗಳು ಪೊರೆಯ ಮೇಲೆ ಲೇಪವಾಗಿ ಕೂತು ದಾರಿ ಮುಚ್ಚುತ್ತವೆ.

ಹೀಗಿರುವುದರಿಂದ ಪ್ರಾಮಾಣಿಕ ಪ್ರಯೋಗಕಾರರು ಯಾವಾಗಲೂ ಎರಡು ಪಟ್ಟಿ ತಯಾರಿಸುತ್ತಾರೆ. ಒಂದರಲ್ಲಿ ಅಚ್ಚು ಇರುತ್ತದೆ. ಮತ್ತೊಂದನ್ನು ಅದೇ ವಸ್ತುವಿನಿಂದ, ಅದೇ ಕ್ರಮದಲ್ಲಿ, ಔಷಧವನ್ನು ಮಾತ್ರ ಹಾಕದೆ ಮಾಡಿರುತ್ತಾರೆ. ಹೊಸ ಗೊಬ್ಬರದ ಗುಣ ನೋಡುವಾಗ ಪಕ್ಕದ ಒಂದು ಸಾಲಿಗೆ ಗೊಬ್ಬರ ಹಾಕದೆ ಬಿಡುವುದಿಲ್ಲವೇ, ಹಾಗೆ. ಎರಡೂ ಪಟ್ಟಿಗಳು ಸಮನಾಗಿ ಔಷಧವನ್ನು ಹೀರಿದರೆ ಅಚ್ಚು ಮೂಡಿಲ್ಲವೆಂದೇ ಅರ್ಥ. ಪ್ಲಾಸ್ಟಿಕ್ಕು ಸುಮ್ಮನೆ ಅಂಟಿಸಿಕೊಂಡಿದೆ ಅಷ್ಟೆ.

ಆದರೂ ಈ ವಿದ್ಯೆ ಬರಿಯ ಕಾಗದದ ಮೇಲಿದೆಯೆಂದು ತಿಳಿಯಬಾರದು. ಹಾಲು, ಮಾಂಸ, ಮೂತ್ರ ಮುಂತಾದವುಗಳಿಂದ ಔಷಧದ ಶೇಷವನ್ನು ಹಿಡಿದು ತೆಗೆಯುವ ಶೋಧಕ ಕೊಳವೆಗಳಾಗಿ ಅಣುವಿನ ಅಚ್ಚುಗಳು ಪ್ರಯೋಗಾಲಯಗಳಿಗೆ ಬಂದಿವೆ. ಅಲ್ಲಿ ಅಚ್ಚು ಹಿಡಿದದ್ದನ್ನು ದೊಡ್ಡ ಯಂತ್ರಗಳು ಅಳೆಯುತ್ತವೆ.

ನಮ್ಮ ಹಾಲು, ನಮ್ಮ ಕಾಫಿ, ನಮ್ಮ ಅಡಿಕೆ

ಕೆಚ್ಚಲು ಬಾವಿಗೆ ಆಕಳಿಗೆ ಜೀವಿರೋಧಕ ಕೊಡಿಸಿದರೆ ಅದು ಹಾಲಿಗೂ ಇಳಿಯುತ್ತದೆ. ಕುದಿಸಿದ ಮಾತ್ರಕ್ಕೆ ಪೂರ್ತಿ ನಾಶವಾಗುವುದಿಲ್ಲ. ಆಕ್ಸಿಟೆಟ್ರಾಸೈಕ್ಲಿನ್ ಮುಂತಾದ ಟೆಟ್ರಾಸೈಕ್ಲಿನ್ ಗುಂಪಿನ ಔಷಧಗಳಿಗೆ ಅಂತರರಾಷ್ಟ್ರೀಯ ಆಹಾರ ಸಂಹಿತೆ ಹಾಕಿರುವ ಮಿತಿ ಲೀಟರ್ ಹಾಲಿಗೆ 100 ಮೈಕ್ರೊಗ್ರಾಂ. ಮೈಕ್ರೊಗ್ರಾಂ ಎಂದರೆ ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲು. ರೋಗಿಯ ರಕ್ತದಲ್ಲಿ ಥಿಯೋಫಿಲಿನ್ ಲೀಟರಿಗೆ 10,000 ಮೈಕ್ರೊಗ್ರಾಂ ಇರುತ್ತದೆಂಬುದನ್ನು ನೆನೆದರೆ, ಹಾಲಿನ ಪರೀಕ್ಷೆ ಅದಕ್ಕಿಂತ ನೂರು ಪಟ್ಟು ಸೂಕ್ಷ್ಮವಾಗಿರಬೇಕೆಂದು ತಿಳಿಯುತ್ತದೆ.

ಕಾಫಿಯಲ್ಲಿ ಚಿಂತೆಗೆ ಕಾರಣವಾದದ್ದು ಓಕ್ರಾಟಾಕ್ಸಿನ್ ಎಂಬ ಬೂಸಿನ ವಿಷ. ಇದು ಮೂತ್ರಪಿಂಡಕ್ಕೆ ಕೆಡುಕು. ಒಣಗುವುದು ತಡವಾದ, ಮತ್ತೆ ನೆನೆದ ಕಾಫಿಯಲ್ಲಿ ಈ ಬೂಸು ಬೆಳೆಯುತ್ತದೆ. ಹುರಿದಾಗ ವಿಷ ಕಡಿಮೆಯಾದರೂ ಪೂರ್ತಿ ಹೋಗುವುದಿಲ್ಲ. ಐರೋಪ್ಯ ಒಕ್ಕೂಟ ಹುರಿದ ಕಾಫಿಗೆ ಕಿಲೋಗ್ರಾಮಿಗೆ 5 ಮೈಕ್ರೊಗ್ರಾಂ ಇದ್ದ ಮಿತಿಯನ್ನು 2023ರ ಜನವರಿ 1ರಿಂದ 3 ಮೈಕ್ರೊಗ್ರಾಮಿಗೆ ಇಳಿಸಿದೆ. ಅಂದರೆ ಒಂದು ಟನ್ ಕಾಫಿಯಲ್ಲಿ 3 ಮಿಲಿಗ್ರಾಂ! ಓಕ್ರಾಟಾಕ್ಸಿನ್ನಿಗೂ ಅಣುವಿನ ಅಚ್ಚುಗಳು ತಯಾರಾಗಿವೆ. ಆದರೆ ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬೂಸಿನ ವಿಷ ರಾಶಿಯಲ್ಲೆಲ್ಲ ಸಮನಾಗಿ ಹರಡಿರುವುದಿಲ್ಲ. ಸಾವಿರಾರು ಒಳ್ಳೆಯ ಬೀಜಗಳ ನಡುವೆ ಬೆರಳೆಣಿಕೆಯ ಕೆಟ್ಟ ಬೀಜಗಳಲ್ಲಿ ಅದು ಅಡಗಿರುತ್ತದೆ. ಒಂದು ಚೀಲದ ಬಾಯಿಂದ ತೆಗೆದ ಹಿಡಿ ಬೀಜವನ್ನು ಎಂಥ ಸೂಕ್ಷ್ಮ ಯಂತ್ರಕ್ಕೆ ಕೊಟ್ಟರೂ, ಅದು ಹೇಳುವುದು ಆ ಹಿಡಿಯ ಸುದ್ದಿಯನ್ನು, ರಾಶಿಯ ಸುದ್ದಿಯನ್ನಲ್ಲ.

ಅಡಿಕೆಯಲ್ಲಿರುವ ಅರೆಕೊಲಿನ್ ಸಹ ಒಂದು ಔಷಧದ ಅಣುವೇ. ಅದರ ಲವಣವನ್ನು ಹಿಂದೆ ನಾಯಿಗಳ ಲಾಡಿಹುಳುವಿಗೆ ಮದ್ದಾಗಿ ಕೊಡುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅಡಿಕೆ ಅಗಿಯುವಿಕೆಯನ್ನು ಕ್ಯಾನ್ಸರಿಗೆ ಕಾರಣವೆಂದೂ, ಅರೆಕೊಲಿನನ್ನು ಪ್ರತ್ಯೇಕವಾಗಿ ಪರಿಶೀಲಿಸಿ ಕಾರಣವಿರಬಹುದಾದ ವಸ್ತುಗಳ ಗುಂಪಿನಲ್ಲೂ ಸೇರಿಸಿದೆ. ನಮಗಿದು ಕಹಿ ಸುದ್ದಿಯೇ ಆದರೂ ಕಣ್ಣು ಮುಚ್ಚಿಕೊಂಡು ಫಲವಿಲ್ಲ. ಯಾವ ಮಾಲಿನಲ್ಲಿ ಅರೆಕೊಲಿನ್ ಎಷ್ಟಿದೆಯೆಂದು ಅಳೆದು ಹೇಳುವ ಸಾಧನ ಅಗ್ಗವಾದಷ್ಟೂ, ವಾದಕ್ಕೆ ಬದಲಾಗಿ ಅಂಕಿಗಳನ್ನು ಮುಂದಿಟ್ಟು ಮಾತಾಡಲು ಬೆಳೆಗಾರರಿಗೂ ಅನುಕೂಲ.

ಉಪಕರಣ ಕೊಳ್ಳುವ ಮುನ್ನ

ಮುಂದೆ ಯಾರಾದರೂ ಇಂಥ ಪಟ್ಟಿ, ಯಂತ್ರಗಳನ್ನು ಹಿಡಿದು ಸಂಘದ ಬಾಗಿಲಿಗೆ ಬಂದರೆ, ಬೆಲೆ ಕೇಳುವ ಮೊದಲು ಕೆಳಗಿನ ಪ್ರಶ್ನೆಗಳನ್ನು ಕೇಳುವುದು ಲೇಸು.

1. ಇದು ಗುರುತಿಸುವುದು ಯಾವ ಅಣುವನ್ನು? ಅದರ ಹತ್ತಿರದ ಒಡಹುಟ್ಟುಗಳೊಂದಿಗೆ ಪರೀಕ್ಷಿಸಿದ್ದೀರಾ? ಸಕ್ಕರೆ, ಉಪ್ಪುಗಳೊಂದಿಗೆ ಗೊಂದಲಪಡುವುದಿಲ್ಲವೆಂದು ತೋರಿಸಿದರೆ ಸಾಲದು. ಥಿಯೋಫಿಲಿನ್ ಯಂತ್ರವನ್ನು ಕೆಫೀನಿನಿಂದಲೇ ಪರೀಕ್ಷಿಸಬೇಕು.

2. ಪರೀಕ್ಷೆ ನಡೆದದ್ದು ಶುದ್ಧ ನೀರಿನಲ್ಲೋ, ನಿಜವಾದ ಹಾಲು, ರಕ್ತ, ಕಾಫಿಯಲ್ಲೋ?

3. ಅಚ್ಚಿಲ್ಲದ ಪಟ್ಟಿಯೊಂದಿಗೆ ಹೋಲಿಸಿದ ಅಂಕಿಗಳೇನು?

4. ಅಳೆಯಬಲ್ಲ ಕನಿಷ್ಠ ಪ್ರಮಾಣ ಎಷ್ಟು? ಅದು ಕಾನೂನಿನ ಮಿತಿಗಿಂತ ಸಾಕಷ್ಟು ಕೆಳಗಿದೆಯೇ? ಮಿತಿ 3 ಇರುವಲ್ಲಿ 10ನ್ನಷ್ಟೇ ಕಾಣಬಲ್ಲ ಯಂತ್ರ ನಮಗೆ ನಿರುಪಯೋಗಿ.

5. ಒಂದೇ ಮಾದರಿಯನ್ನು ಹತ್ತು ಪಟ್ಟಿಗಳಲ್ಲಿ ಪರೀಕ್ಷಿಸಿದರೆ ಉತ್ತರ ಎಷ್ಟು ಹಿಂದುಮುಂದಾಗುತ್ತದೆ? ನಮ್ಮ ಎದುರಿಗೇ ಮಾಡಿ ತೋರಿಸುವಿರಾ?

6. ಮಾನ್ಯತೆ ಪಡೆದ ಪ್ರಯೋಗಾಲಯದ ವರದಿಯೊಂದಿಗೆ ಹೊಂದಿಕೆಯಾಗಿದೆಯೇ?

ಈ ಆರಕ್ಕೂ ನೇರ ಉತ್ತರ ಬಂದರೆ ಮುಂದಿನ ಮಾತು. ಬಾರದಿದ್ದರೆ ಚಹ ಕೊಟ್ಟು ಕಳುಹಿಸುವುದು ಮೇಲು.

ಕೊನೆಯದಾಗಿ, ಯಾವ ಸಂವೇದಕವೂ ಕೆಟ್ಟ ಮಾಲನ್ನು ಒಳ್ಳೆಯದು ಮಾಡಲಾರದು. ಹಣ್ಣನ್ನು ಕಿತ್ತ ದಿನವೇ ಹರಡಿ, ತೆಳುವಾಗಿ ಒಣಗಿಸಿ, ರಾತ್ರಿ ಇಬ್ಬನಿಗೂ ಅಕಾಲದ ಮಳೆಗೂ ಹೊದಿಸಿ, ತೇವಾಂಶ ನೂರಕ್ಕೆ 10-11ಕ್ಕೆ ಇಳಿದ ಮೇಲೆ ಚೀಲ ತುಂಬಿ, ಚೀಲವನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಟ್ಟರೆ ಬೂಸಿನ ವಿಷ ಹುಟ್ಟುವ ಸಂಭವವೇ ಕಡಿಮೆ. ಆಕಳಿಗೆ ಔಷಧ ಕೊಡಿಸಿದಾಗ ಪಶುವೈದ್ಯರು ಹೇಳಿದಷ್ಟು ದಿನ ಹಾಲನ್ನು ಸೊಸೈಟಿಗೆ ಹಾಕದಿರುವುದೂ ಹಾಗೆಯೇ. ಮನೆಯಲ್ಲಿ ಉಬ್ಬಸಕ್ಕೆ ಥಿಯೋಫಿಲಿನ್ ಮಾತ್ರೆ ನುಂಗುವವರಿದ್ದರೆ, ದಿನಕ್ಕೆ ಎಷ್ಟು ಲೋಟ ಕಾಫಿ ಕುಡಿಯುತ್ತಾರೆ, ಬೀಡಿ ಸೇದುತ್ತಾರೆಯೇ, ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಎಷ್ಟು ಒಳ್ಳೆಯ ಯಂತ್ರ ಬಂದರೂ ಈ ಮಾಹಿತಿಯನ್ನು ಅದು ತಾನಾಗಿ ಕೊಡಲಾರದು.